ದೊಡ್ಡ ಕುರ್ಚಿ ಬೇಡವೆಂದವರು

ಮಕ್ಕಳೇ, ಹಾರ್ಮೋನಿಯಂ ನೋಡಿದ್ದೀರಿ ತಾನೇ? ಒಂದು ಕೈ ತಿದಿ ಒತ್ತುತ್ತದೆ, ಇನ್ನೊಂದು ಕೈ ಮನೆಗಳ ಮೇಲೆ ಓಡಾಡುತ್ತದೆ. ಚರ್ಚುಗಳಲ್ಲಿರುವ ಪೈಪ್ ಆರ್ಗನ್ ಕೂಡ ಗಾಳಿಯಿಂದಲೇ ನುಡಿಯುವ ವಾದ್ಯ. ಆದರೆ ದೊಡ್ಡ ಆರ್ಗನ್ ಎಂದರೆ ಒಂದು ಗೋಡೆಯಷ್ಟು ಗಾತ್ರ, ಸಾವಿರಾರು ಕೊಳವೆಗಳು! ಕೈಗಳಿಗೆ ಎರಡು ಮೂರು ಸಾಲು ಮನೆಗಳಿದ್ದರೆ, ಪಾದಗಳಿಗೂ ಒಂದು ಸಾಲು ಬೇರೆ.

ಈ ವಾದ್ಯದ ಮಹಾ ವಿದ್ವಾಂಸರಲ್ಲಿ ಒಬ್ಬರು ಜರ್ಮನಿಯ ಕಾರ್ಲ್ ರಿಕ್ಟರ್. 1926ರಲ್ಲಿ ಪ್ಲಾವೆನ್ ಎಂಬ ಊರಿನಲ್ಲಿ ಪಾದ್ರಿಯೊಬ್ಬರ ಮಗನಾಗಿ ಹುಟ್ಟಿದರು. ಹುಡುಗನಾಗಿದ್ದಾಗ ಡ್ರೆಸ್ಡನ್ ನಗರದ ಚರ್ಚಿನ ಬಾಲಕರ ತಂಡದಲ್ಲಿ ಹಾಡಿದರು. 1949ರಲ್ಲಿ ಲೈಪ್‌ಜಿಗ್‌ನ ಸೇಂಟ್ ಥಾಮಸ್ ಚರ್ಚಿಗೆ ಆರ್ಗನ್ ವಾದಕರಾದರು. ಇದು ಸಾಮಾನ್ಯ ಚರ್ಚಲ್ಲ. ಮಹಾನ್ ಸಂಗೀತಗಾರ ಬಾಖ್ 1723ರಿಂದ ತಾವು ತೀರಿಕೊಂಡ 1750ರವರೆಗೆ ಇಲ್ಲಿಯೇ ಸಂಗೀತದ ಮುಖ್ಯಸ್ಥರಾಗಿದ್ದರು.

1951ರಲ್ಲಿ ರಿಕ್ಟರ್ ಮ್ಯೂನಿಕ್‌ಗೆ ಬಂದರು. ಅಲ್ಲಿ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಾ ಒಂದು ಗಾಯನ ತಂಡವನ್ನು ತಿದ್ದಿ ತೀಡಿದರು. 1954ರಲ್ಲಿ ಅದಕ್ಕೆ ಮ್ಯೂನಿಕ್ ಬಾಖ್ ಗಾಯನ ತಂಡವೆಂದು ಹೆಸರಾಯಿತು. ಹಾಡುವುದನ್ನೇ ಕಸುಬು ಮಾಡಿಕೊಂಡವರ ತಂಡವಲ್ಲ ಅದು. ಪ್ರೀತಿಗಾಗಿ ಹಾಡುವ ಹವ್ಯಾಸಿಗಳದು.

1956ರಲ್ಲಿ ಲೈಪ್‌ಜಿಗ್‌ನಿಂದ ಕರೆ ಬಂತು. ಈ ಬಾರಿ ಕೊಟ್ಟದ್ದು ಬಾಖ್ ಕುಳಿತಿದ್ದ ಅದೇ ಸ್ಥಾನ! ರಿಕ್ಟರ್‌ಗೆ ಆಗ ಸುಮಾರು ಮೂವತ್ತು ವರ್ಷ.

ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ನನಗೆ ಬಡ್ತಿಯ ಬೆಲೆ ಗೊತ್ತು. ಆದೇಶ ಕೈಗೆ ಬಂದ ದಿನ ಇಡೀ ಶಾಖೆಗೆ ಪೇಡಾ ಹಂಚಿದವರನ್ನು ಎಷ್ಟೋ ಸಲ ನೋಡಿದ್ದೇನೆ. ಹೊಸ ಕುರ್ಚಿ ಸಿಕ್ಕ ಸಂತೋಷದಲ್ಲಿ, ಅರ್ಧ ಕೆಲಸ ಕಲಿತ ಕಿರಿಯರ ನೆನಪು ಯಾರಿಗೂ ಆಗುತ್ತಿರಲಿಲ್ಲ.

ರಿಕ್ಟರ್ ಒಲ್ಲೆ ಎಂದರು. ತಮ್ಮ ಹವ್ಯಾಸಿಗಳ ಜೊತೆ ಮ್ಯೂನಿಕ್‌ನಲ್ಲೇ ಉಳಿದರು.

ಮುಂದೆ ಆದದ್ದು ಕೇಳಿ. ಎರಡೇ ವರ್ಷಕ್ಕೆ ಆ ತಂಡ ಬಾಖ್ ರಚಿಸಿದ, ಮೂರು ಗಂಟೆಗೂ ಮೀರಿದ ‘ಸೇಂಟ್ ಮ್ಯಾಥ್ಯೂ ಪ್ಯಾಶನ್’ ಕೃತಿಯನ್ನು ಧ್ವನಿಮುದ್ರಿಸಿತು. ಇಂದಿಗೂ ಜನ ಅದನ್ನು ಹುಡುಕಿ ಕೇಳುತ್ತಾರೆ. 1968ರಲ್ಲಿ ಮಾಸ್ಕೋ, 1969ರಲ್ಲಿ ಜಪಾನ್, ಹೀಗೆ ತಂಡ ದೇಶ ಸುತ್ತಿತು. ಅಷ್ಟು ದೊಡ್ಡ ಕೃತಿಗಳನ್ನೂ ರಿಕ್ಟರ್ ಪುಸ್ತಕ ನೋಡದೆ, ನೆನಪಿನಿಂದಲೇ ನಡೆಸುತ್ತಿದ್ದರು.

1981ರಲ್ಲಿ, 54ನೇ ವಯಸ್ಸಿಗೆ, ಹೃದಯಾಘಾತದಿಂದ ಅವರು ತೀರಿಕೊಂಡರು. ಅವರು ಕಟ್ಟಿದ ತಂಡ ಮಾತ್ರ ಆಮೇಲೂ ಹಾಡುತ್ತಲೇ ಬಂದಿದೆ.

ದೊಡ್ಡ ಕುರ್ಚಿಯಲ್ಲಿ ಕುಳಿತವರ ಹೆಸರು ಗೋಡೆಯ ಫಲಕದಲ್ಲಿ ಸಿಗುತ್ತದೆ. ಕೈಹಿಡಿದು ಕಲಿಸಿದವರ ಹೆಸರು ಕಲಿತವರ ಬಾಯಲ್ಲಿರುತ್ತದೆ. ಮಕ್ಕಳೇ, ನಿಮ್ಮ ಅಜ್ಜ ಅಜ್ಜಿಗೆ ಕೆಲಸ ಕಲಿಸಿದವರು ಯಾರು? ಇವತ್ತು ಊಟದ ಹೊತ್ತಿಗೆ ಕೇಳಿ ನೋಡಿ.