ಮೊದಲು ಜಾಗ ಬಿಡು, ಆಮೇಲೆ ಕರಿ

ಗಣಕ ವಿಜ್ಞಾನದ ಪಠ್ಯಗಳಲ್ಲಿ ಡಾಸ್ ಬಗ್ಗೆ ಸಾಮಾನ್ಯವಾಗಿ ಒಂದೇ ಸಾಲು ಇರುತ್ತದೆ, ಅದು ಒಂದು ಸಲಕ್ಕೆ ಒಂದೇ ಪ್ರೋಗ್ರಾಮ್ ಓಡಿಸುವ ವ್ಯವಸ್ಥೆ ಅಂತ. ಅಷ್ಟು ಹೇಳಿ ಮುಂದಿನ ಪುಟದಲ್ಲಿ ಯುನಿಕ್ಸ್‌ನ ಫೋರ್ಕ್‌ಗೆ ಹಾರಿಬಿಡುತ್ತಾರೆ. ಪರೀಕ್ಷೆಯ ಪ್ರಶ್ನೆಯೂ ಸಿದ್ಧ. ಸಾಲಾಗಿ ಮೂರು ಸಲ ಫೋರ್ಕ್ ಕರೆದು ಆಮೇಲೆ "ಹಲೋ" ಬರೆಸಿದರೆ ಪರದೆಯ ಮೇಲೆ ಎಷ್ಟು ಹಲೋ? ಎಂಟು. ಅಂಕ ಬಂತು, ಮುಗೀತು :-)

ಈ ಹಾರಿಕೆಯಲ್ಲಿ ಒಂದು ಮುಖ್ಯವಾದ ಸಂಗತಿ ಬಿಟ್ಟುಹೋಗುತ್ತಿದೆ ಅನ್ನುವುದು ನನ್ನ ತಕರಾರು. ಒಂದು ಪ್ರೋಗ್ರಾಮಿನಿಂದ ಇನ್ನೊಂದು ಪ್ರೋಗ್ರಾಮನ್ನು ಕರೆಯುವುದು ಬೇರೆ, ಶೆಲ್ ಅನ್ನು ಕರೆದು "ನೀನೇ ಅದನ್ನು ಕರೆದುಕೊಡಪ್ಪ" ಅನ್ನುವುದು ಬೇರೆ. ಡಾಸ್‌ನಲ್ಲಿ ಕೆಲಸ ಮಾಡಿದವರಿಗೆ ಈ ವ್ಯತ್ಯಾಸ ಬೇಡವೆಂದರೂ ತಿಳಿಯುತ್ತಿತ್ತು. ಈಗ ಬಹಳ ಜನಕ್ಕೆ ತಿಳಿಯುವುದಿಲ್ಲ, ಮತ್ತು ಅದಕ್ಕೆ ಬೆಲೆ ತೆರುತ್ತಿದ್ದೇವೆ.

ಡಾಸ್‌ಗಿಂತ ಹಿಂದಿನಿಂದ ಶುರು ಮಾಡೋಣ. 1970ರ ದಶಕದಲ್ಲಿ ಗ್ಯಾರಿ ಕಿಲ್ಡಾಲ್ ಬರೆದ ಸಿಪಿ/ಎಂ ಗೊತ್ತಲ್ಲ? ಅದರ 2.2ನೇ ಆವೃತ್ತಿಯಲ್ಲೂ ಒಂದು ಪ್ರೋಗ್ರಾಮ್ ಇನ್ನೊಂದನ್ನು ಕರೆದು ವಾಪಸ್ ಬರುವುದಕ್ಕೆ ವ್ಯವಸ್ಥೆಯ ಕಡೆಯಿಂದ ಯಾವ ಸೌಲಭ್ಯವೂ ಇರಲಿಲ್ಲ. ನೀವು ಹೆಸರು ಟೈಪ್ ಮಾಡಿದರೆ ಕಮಾಂಡ್ ಓದುವ ಭಾಗ ಆ ಕಡತವನ್ನು ಮೆಮೊರಿಯಲ್ಲಿ ಒಂದು ನಿಗದಿತ ಜಾಗಕ್ಕೆ ತಂದು ಅದಕ್ಕೆ ನೆಗೆಯುತ್ತಿತ್ತು. ಪ್ರೋಗ್ರಾಮಿಗೆ ಜಾಗ ಸಾಲದಿದ್ದರೆ ತನ್ನನ್ನು ಕರೆದ ಆ ಭಾಗದ ಮೇಲೇ ಬರೆದುಕೊಳ್ಳಬಹುದಿತ್ತು! ಅದರಿಂದ ಸಿಗುತ್ತಿದ್ದದ್ದು ಸುಮಾರು 2 ಕಿಲೋಬೈಟ್, ಆದರೆ ಆಗ ಅದೂ ದೊಡ್ಡದೇ. ಕೆಲಸ ಮುಗಿದ ಮೇಲೆ ಡಿಸ್ಕಿನಿಂದ ಹೊಸದಾಗಿ ಅದನ್ನು ಓದಿ ತರಬೇಕು. ಬ್ಯಾಚ್ ಕೆಲಸಕ್ಕಿದ್ದ ಸಬ್‌ಮಿಟ್ ಕೂಡ ಒಂದು ಉಪಾಯವಷ್ಟೇ. ಕಮಾಂಡುಗಳನ್ನು ಒಂದು ಕಡತದಲ್ಲಿ ತಿರುಗುಮುರುಗಾಗಿ ಬರೆದಿಟ್ಟು, ಒಂದೊಂದು ಮುಗಿದಾಗಲೂ ಕೊನೆಯದನ್ನು ಓದಿ ಕತ್ತರಿಸಿಹಾಕುವುದು. ನಕ್ಕುಬಿಡಬೇಡಿ, ಚೆನ್ನಾಗಿಯೇ ನಡೆಯುತ್ತಿತ್ತು.

1981ರ ಮೊದಲ ಡಾಸ್ ಕೂಡ ಈ ವಿಷಯದಲ್ಲಿ ಸಿಪಿ/ಎಂನ ತಮ್ಮನೇ. ಬದಲಾದದ್ದು 1983ರಲ್ಲಿ ಬಂದ ಡಾಸ್ 2ರಲ್ಲಿ. ಡೈರೆಕ್ಟರಿಗಳ ಮರ, ಕಡತಗಳ ಹ್ಯಾಂಡಲ್, ಎನ್ವಿರಾನ್‌ಮೆಂಟ್ ಇವೆಲ್ಲ ಯುನಿಕ್ಸ್ ನೋಡಿ ಬಂದವು. ಅವುಗಳ ಜತೆಗೇ ಎಕ್ಸೆಕ್ ಅನ್ನುವ ಸೇವೆಯೂ ಬಂತು. ಇಂಟರಪ್ಟ್ 21, ಫಂಕ್ಷನ್ 4ಬಿ. ಹೆಸರು ಯುನಿಕ್ಸ್‌ನದು, ಸ್ವಭಾವ ಬೇರೆ. ಯುನಿಕ್ಸ್‌ನ ಎಕ್ಸೆಕ್ ಕರೆದವನನ್ನೇ ಅಳಿಸಿ ಅವನ ಜಾಗದಲ್ಲಿ ಹೊಸಬನನ್ನು ಕೂರಿಸುತ್ತದೆ. ಡಾಸ್‌ನದು ಕರೆದವನನ್ನು ಅಲ್ಲೇ ಮಲಗಿಸಿ, ಉಳಿದ ಜಾಗದಲ್ಲಿ ಮಗುವನ್ನು ಓಡಿಸಿ, ಅದು ಮುಗಿದ ಮೇಲೆ ಕರೆದವನನ್ನು ಎಬ್ಬಿಸುತ್ತದೆ. ಅಂದರೆ ಮೆಮೊರಿಯಲ್ಲಿ ಎರಡು ಪ್ರೋಗ್ರಾಮ್ ಇರುತ್ತಿದ್ದವು, ಮೂರೂ ಇರಬಹುದಿತ್ತು. ಎಚ್ಚರವಾಗಿರುವುದು ಮಾತ್ರ ಒಂದೇ.

ಇಲ್ಲೊಂದು ಚಂದದ ತೊಡಕಿದೆ. ಡಾಸ್ ಒಂದು ಪ್ರೋಗ್ರಾಮನ್ನು ಶುರು ಮಾಡುವಾಗ ಸಾಮಾನ್ಯವಾಗಿ ಖಾಲಿ ಇರುವ ಮೆಮೊರಿಯನ್ನೆಲ್ಲ ಅದರ ಕೈಗೇ ಕೊಟ್ಟುಬಿಡುತ್ತಿತ್ತು. ಮನೆಯಲ್ಲಿ ಒಬ್ಬನೇ ಇದ್ದಾನೆ, ಇಡೀ ಮನೆ ಅವನದೇ ಅನ್ನುವ ಹಾಗೆ. ಈಗ ಅವನು ಅತಿಥಿಯನ್ನು ಕರೆದರೆ ಕೂರಲು ಜಾಗವೆಲ್ಲಿ? ಎಕ್ಸೆಕ್ ಮುಖಕ್ಕೆ ಹೊಡೆದ ಹಾಗೆ ದೋಷ ಸಂಖ್ಯೆ 8 ಅಂತ ಹೇಳಿ ಹಿಂದಿರುಗುತ್ತಿತ್ತು, ಮೆಮೊರಿ ಸಾಲದು ಅಂತ. ಕರೆಯುವ ಮೊದಲು ಫಂಕ್ಷನ್ 4ಎ ಬಳಸಿ ತಾನು ಕುಗ್ಗಬೇಕು, ಬೇಡದ ಜಾಗ ವಾಪಸ್ ಕೊಡಬೇಕು, ಆಮೇಲೆ ಕರೆಯಬೇಕು. ಡಾಸ್ 2ರಲ್ಲಿ ಇನ್ನೊಂದು ಫಜೀತಿಯೂ ಇತ್ತು. ಮಗು ಮುಗಿದು ಎಚ್ಚರವಾದಾಗ ತಾನು ಯಾವ ಸಾಲಿನಲ್ಲಿದ್ದೆ ಅನ್ನುವುದೊಂದು ಬಿಟ್ಟು ಉಳಿದೆಲ್ಲ ರಿಜಿಸ್ಟರುಗಳೂ ಹಾಳಾಗಿರುತ್ತಿದ್ದವು, ಸ್ಟ್ಯಾಕ್ ಎಲ್ಲಿದೆ ಅನ್ನುವುದೂ ಸೇರಿ. ಅದನ್ನು ಮೊದಲೇ ತನ್ನ ಕೋಡಿನ ಪಕ್ಕದಲ್ಲೇ ಬರೆದಿಟ್ಟುಕೊಂಡಿರಬೇಕು. ಇದನ್ನು ಯಾರೂ ಒಳ್ಳೆಯ ವಿನ್ಯಾಸ ಅನ್ನುವುದಿಲ್ಲ, ನಾನೂ ಅನ್ನುವುದಿಲ್ಲ.

ಆದರೆ ಜಾಗ ಬಿಡುವ ನಿಯಮ ಇದೆಯಲ್ಲ, ಅದು ಒಳ್ಳೆಯದೇ ಮಾಡಿತು. ಇನ್ನೊಂದನ್ನು ಕರೆಯುವುದಕ್ಕೆ ಖರ್ಚಿದೆ ಅನ್ನುವುದು ಕಣ್ಣಿಗೆ ಕಾಣುತ್ತಿತ್ತು. ಟರ್ಬೊ ಸಿ++ನ ಫೈಲ್ ಮೆನುವಿನಲ್ಲಿದ್ದ "ಡಾಸ್ ಶೆಲ್" ನೆನಪಿದೆಯಾ? ಅದನ್ನು ಒತ್ತಿ ಹೊರಗೆ ಬಂದು, ಎಕ್ಸಿಟ್ ಅಂತ ಹೊಡೆದು ವಾಪಸ್ ಹೋಗುವುದನ್ನು ಮರೆತು, ಅಲ್ಲಿಂದಲೇ ಮತ್ತೆ ಟರ್ಬೊ ಸಿ ಶುರು ಮಾಡುವವರಿದ್ದರು. 640 ಕಿಲೋಬೈಟ್ ಎಷ್ಟು ಹೊತ್ತು ತಾಳೀತು! ನಾರ್ಟನ್ ಕಮಾಂಡರ್ ಬರೆದವರು ಇನ್ನೂ ಜಾಣರು. ನಂತರದ ಆವೃತ್ತಿಗಳಲ್ಲಿ ಒಂದು ಚಿಕ್ಕ ತುಣುಕು ಮಾತ್ರ ಮೆಮೊರಿಯಲ್ಲಿ ಉಳಿದು, ಮುಖ್ಯ ಪ್ರೋಗ್ರಾಮ್ ಪೂರ್ತಿ ಜಾಗ ಬಿಟ್ಟು ಹೋಗಿ, ನಿಮ್ಮ ಕೆಲಸ ಮುಗಿದ ಮೇಲೆ ಮತ್ತೆ ಡಿಸ್ಕಿನಿಂದ ಬರುತ್ತಿತ್ತು. ಸ್ವತಃ ಕಮಾಂಡ್.ಕಾಮ್ ಕೂಡ ಹಾಗೇ, ಅದರ ಅರ್ಧ ಭಾಗ ಮೆಮೊರಿಯ ಮೇಲ್ತುದಿಯಲ್ಲಿ ಇದ್ದು, ಬೇರೆಯವರು ಅದರ ಮೇಲೆ ಬರೆಯಲು ಬಿಡುತ್ತಿತ್ತು. ಫ್ಲಾಪಿ ಕಾಲದವರಿಗೆ "ಕಮಾಂಡ್.ಕಾಮ್ ಇರುವ ಡಿಸ್ಕ್ ಹಾಕಿ" ಅನ್ನುವ ಸಂದೇಶ ಬರುತ್ತಿದ್ದದ್ದು ಇದೇ ಕಾರಣಕ್ಕೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಎಕ್ಸೆಕ್‌ಗೆ ತಿಳಿಯುತ್ತಿದ್ದದ್ದು ನಿಜವಾದ ಪ್ರೋಗ್ರಾಮ್ ಕಡತ ಮಾತ್ರ. ಅದು ಪಾತ್ ಹುಡುಕುತ್ತಿರಲಿಲ್ಲ. ಡಿರ್, ಕಾಪಿ ತರಹದ ಶೆಲ್ಲಿನ ಒಳಗಿನ ಕಮಾಂಡುಗಳು ಅದಕ್ಕೆ ಗೊತ್ತಿರಲಿಲ್ಲ. ಬ್ಯಾಚ್ ಕಡತವನ್ನು ಓಡಿಸಲು ಬರುತ್ತಿರಲಿಲ್ಲ. ಅವೆಲ್ಲ ಬೇಕಿದ್ದರೆ ನೀವೇ ಕೈಯಾರೆ ಕಮಾಂಡ್.ಕಾಮ್‌ನ ಇನ್ನೊಂದು ಪ್ರತಿಯನ್ನು "/ಸಿ" ಅಂತ ಸೇರಿಸಿ ಕರೆಯಬೇಕಿತ್ತು. ಸಿ ಭಾಷೆಯ ಸಿಸ್ಟಮ್ ಮಾಡುವುದು ಇದನ್ನೇ, ಸ್ಪಾನ್ ಮಾಡುವುದು ನೇರ ಎಕ್ಸೆಕ್. ಮೆಮೊರಿ ಕಡಿಮೆ ಇದ್ದದ್ದರಿಂದ ಎರಡರಲ್ಲಿ ಯಾವುದು ಅಂತ ಯೋಚಿಸಲೇಬೇಕಿತ್ತು. ಡಿಬೇಸ್‌ನಲ್ಲೋ ಫಾಕ್ಸ್‌ಪ್ರೋದಲ್ಲೋ ಅಂಗಡಿಯ ಬಿಲ್ಲಿಂಗ್ ಬರೆದು ರನ್ ಕಮಾಂಡ್ ಬಳಸಿದವರಿಗೆ ಇದು ಚೆನ್ನಾಗಿ ಗೊತ್ತು.

ವಿಂಡೋಸ್ ಬಂದ ಮೇಲೆ ಏನಾಯಿತು ನೋಡಿ. ಅಲ್ಲಿನ ಕ್ರಿಯೇಟ್‌ಪ್ರೋಸೆಸ್‌ಗೆ ಹತ್ತು ಆರ್ಗ್ಯುಮೆಂಟುಗಳು! ಅದಿರಲಿ. ಅದಕ್ಕೆ ಬ್ಯಾಚ್ ಕಡತದ ಹೆಸರು ಕೊಟ್ಟರೆ ಸದ್ದಿಲ್ಲದೆ ತಾನೇ ಶೆಲ್ಲನ್ನು ಕರೆದುಬಿಡುತ್ತದೆ. ಡಾಸ್‌ನಲ್ಲಿ ಕಾಮ್ಯಾಂಡ್ ಲೈನ್ ಒಂದೇ ಉದ್ದನೆಯ ದಾರ, ಹೆಚ್ಚೆಂದರೆ 126 ಅಕ್ಷರ, ಅದನ್ನು ತುಂಡು ಮಾಡಿಕೊಳ್ಳುವುದು ಮಗುವಿನ ಹಣೆಬರಹ. ವಿಂಡೋಸ್‌ನಲ್ಲಿ ಉದ್ದ ಹೆಚ್ಚಾಯಿತು, ದಾರ ಒಂದೇ ಉಳಿಯಿತು. ಸಾಮಾನ್ಯ ಪ್ರೋಗ್ರಾಮುಗಳು ತುಂಡು ಮಾಡುವ ರೀತಿ ಒಂದು, ಶೆಲ್ ತುಂಡು ಮಾಡುವ ರೀತಿ ಇನ್ನೊಂದು. 2024ರ ಏಪ್ರಿಲ್‌ನಲ್ಲಿ ಈ ಸಂದಿಯಲ್ಲೇ ದೊಡ್ಡ ತೂತು ಹೊರಬಿತ್ತು. ರಸ್ಟ್ ಸೇರಿ ಹಲವು ಭಾಷೆಗಳಲ್ಲಿ, ಬ್ಯಾಚ್ ಕಡತಕ್ಕೆ ಕೊಟ್ಟ ಆರ್ಗ್ಯುಮೆಂಟಿನೊಳಗೆ ಬೇರೆಯವರ ಕಮಾಂಡ್ ತುರುಕಿ ಓಡಿಸಬಹುದಿತ್ತು. ಸುರಕ್ಷತೆಗೇ ಹೆಸರಾದ ರಸ್ಟ್‌ನಲ್ಲಿ ಆ ದೋಷದ ತೀವ್ರತೆಗೆ ಸಿಕ್ಕ ಅಂಕ ಹತ್ತಕ್ಕೆ ಹತ್ತು. ಪ್ರೋಗ್ರಾಮರ್ ಶೆಲ್ಲನ್ನು ಕರೆದೇ ಇರಲಿಲ್ಲ, ಅವನ ಪರವಾಗಿ ಯಾರೋ ಕರೆದಿದ್ದರು. ಹಳೆಯ ಎಕ್ಸೆಕ್ ಆಗಿದ್ದರೆ ಅವನು ಹೇಳದೆ ತಾನಾಗಿ ಶೆಲ್ಲನ್ನು ಕರೆಯುತ್ತಿರಲಿಲ್ಲ.

ಯುನಿಕ್ಸ್ ಪಕ್ಷದವರು ಬೀಗುವ ಅಗತ್ಯವಿಲ್ಲ. 2014ರ ಸೆಪ್ಟೆಂಬರ್‌ನ ಶೆಲ್‌ಶಾಕ್ ಮರೆತಿರಾ? ಅಲ್ಲಿ ಬ್ಯಾಶ್‌ಗೆ ಎನ್ವಿರಾನ್‌ಮೆಂಟ್ ಮೂಲಕವೇ ಕಮಾಂಡ್ ನುಗ್ಗಿತ್ತು. ಆರ್ಗ್ಯುಮೆಂಟುಗಳನ್ನು ಬೇರೆ ಬೇರೆಯಾಗಿ ಕಳಿಸುವುದರಲ್ಲಿ ಯುನಿಕ್ಸ್ ಖಂಡಿತ ಮೇಲು, ಒಪ್ಪುತ್ತೇನೆ. ಆದರೆ ಪೈಥಾನಿನಲ್ಲಿ ಸಬ್‌ಪ್ರೋಸೆಸ್‌ಗೆ ಪಟ್ಟಿ ಕೊಡುವ ಬದಲು ಶೆಲ್ ಅನ್ನುವ ಕಡೆ ಟ್ರೂ ಅಂತ ಹಾಕಿ, ಬಳಕೆದಾರ ಕೊಟ್ಟ ಕಡತದ ಹೆಸರನ್ನು ಹಾಗೇ ಅಂಟಿಸಿ ಕಳಿಸುವ ಕೋಡನ್ನು ಎಷ್ಟೋ ಕಡೆ ಕಾಣಬಹುದು. ಕಡತದ ಹೆಸರಿನಲ್ಲಿ ಒಂದು ಅರ್ಧವಿರಾಮ ಇದ್ದರೆ ಸಾಕು.

ಇದನ್ನು ಕಲಿಸುವುದು ಕಷ್ಟವೇ? ಇತಿಹಾಸದಲ್ಲೇ ಸೊಗಸಾದ ಪಾಠಗಳಿವೆ. ಪಿಡಿಪಿ-7 ಮೇಲಿನ ಮೊದಲ ಯುನಿಕ್ಸ್‌ನಲ್ಲಿ ಫೋರ್ಕ್ ಸೇರಿಸಲು 27 ಸಾಲು ಅಸೆಂಬ್ಲಿ ಸಾಕಾಯಿತು ಅಂತ ಡೆನ್ನಿಸ್ ರಿಚಿಯೇ ಬರೆದಿದ್ದಾರೆ. ಸೇರಿಸಿದ ತಕ್ಷಣ ಡೈರೆಕ್ಟರಿ ಬದಲಿಸುವ ಕಮಾಂಡ್ ಕೆಲಸ ಮಾಡುವುದನ್ನೇ ನಿಲ್ಲಿಸಿತಂತೆ! ಯಾಕೆಂದರೆ ಅದು ಈಗ ಮಗುವಿನೊಳಗೆ ಓಡಿ, ಮಗುವಿನ ಡೈರೆಕ್ಟರಿ ಬದಲಿಸಿ, ಮಗುವಿನ ಜತೆಗೇ ಮಾಯವಾಗುತ್ತಿತ್ತು. ಹಾಗಾಗಿ ಅದನ್ನು ಶೆಲ್ಲಿನ ಒಳಗೇ ಸೇರಿಸಬೇಕಾಯಿತು. ಡಾಸ್‌ನಲ್ಲಿ ಇದು ತದ್ವಿರುದ್ಧ. ಒಳಗಿನ ಶೆಲ್‌ನಲ್ಲಿ ಡೈರೆಕ್ಟರಿ ಬದಲಿಸಿ ಎಕ್ಸಿಟ್ ಹೊಡೆದರೆ ಬದಲಾದದ್ದು ಹಾಗೇ ಉಳಿಯುತ್ತದೆ, ಆದರೆ ಸೆಟ್ ಮಾಡಿದ ಎನ್ವಿರಾನ್‌ಮೆಂಟ್ ಹೋಗುತ್ತದೆ. ಈ ಎರಡನ್ನು ಪಕ್ಕಪಕ್ಕ ಇಟ್ಟು ಯಾಕೆ ಅಂತ ಕೇಳಿದರೆ ಎಂಟು ಹಲೋಗಿಂತ ಹೆಚ್ಚು ತಿಳಿಯುತ್ತದೆ.

ನಮ್ಮ ಕಾಲೇಜುಗಳ ಲ್ಯಾಬುಗಳಲ್ಲಿ ಟರ್ಬೊ ಸಿಯ ನೀಲಿ ಪರದೆ 2010ರ ದಶಕದಲ್ಲೂ ಕಾಣುತ್ತಿತ್ತು, ಡಾಸ್‌ಬಾಕ್ಸ್ ಒಳಗೆ ಅದನ್ನು ಓಡಿಸುವವರು ಇನ್ನೂ ಇದ್ದಾರೆ. ಪ್ರಿಂಟ್‌ಎಫ್ ಕಲಿಸುವುದಕ್ಕೆ ಆ ಹಳೆಯ ಪೆಟ್ಟಿಗೆ ಯಾಕೆ ಬೇಕು? ಇಟ್ಟುಕೊಂಡಿದ್ದರೆ ಅದು ಮಾತ್ರ ತೋರಿಸಬಲ್ಲದ್ದನ್ನು ತೋರಿಸಿ. ಟರ್ಬೊ ಪ್ಯಾಸ್ಕಲ್ ಇದ್ದರೆ ಇನ್ನೂ ಸುಲಭ. ಅದರ ಹೀಪ್ ಮಾಮೂಲಿಯಾಗಿ ಇಡೀ ಮೆಮೊರಿಯನ್ನು ಹಿಡಿದಿಟ್ಟಿರುತ್ತದೆ. ಮೊದಲು ಏನೂ ಸೂಚನೆ ಕೊಡದೆ ಎಕ್ಸೆಕ್ ಕರೆದು ದೋಷ ಸಂಖ್ಯೆ ಬರೆಸಿ, 8 ಬರುತ್ತದೆ. ಆಮೇಲೆ ಮೇಲೊಂದು ಡಾಲರ್-ಎಂ ಸಾಲು ಹಾಕಿ ಹೀಪ್ ಕುಗ್ಗಿಸಿ ಮತ್ತೆ ಓಡಿಸಿ. ಮೂರನೆಯ ಸಲ ಒಂದು ಬ್ಯಾಚ್ ಕಡತವನ್ನು, ಕಮಾಂಡ್.ಕಾಮ್ ಇಲ್ಲದೆ ಒಮ್ಮೆ, "/ಸಿ" ಜತೆಗೆ ಇನ್ನೊಮ್ಮೆ. ಒಂದು ಲ್ಯಾಬ್ ಅವಧಿಯಲ್ಲಿ ಮುಗಿಯುವಷ್ಟೇ ಕೆಲಸ.