ಕೆರೆಯ ಚೆಂದ, ಕೇರಿಯ ಲೆಕ್ಕ

ಗ್ವಾಟೆಮಾಲಾ ದೇಶದ ಪನಹಚೆಲ್ ಊರಿನ ದೋಣಿಕಟ್ಟೆಯಲ್ಲಿ ಒಬ್ಬ ನಮ್ಮನ್ನು ಯಾವ ದೇಶದವರು ಅಂತ ಕೇಳಿದ. ಇಂಡಿಯಾದವರು ಅಂದೆವು. ಸ್ಪ್ಯಾನಿಷ್ ಮಾತಿನಲ್ಲಿ ಅದು 'ಇಂಡಿಯೊ' ಆಯಿತು. ಜೊತೆಗಿದ್ದ ಮಾಯಾ ಗೆಳೆಯರು ಗೊಳ್ಳಂತ ನಕ್ಕರು. ಯಾಕೆ ನಕ್ಕರೆಂದು ದೋಣಿ ಹತ್ತಿದ ಮೇಲೆ ಹೇಳಿದರು. ಆ ಶಬ್ದ ಅಲ್ಲಿ ಬೈಗುಳ. ಮಗ ಮೊಂಡು ಬಿದ್ದರೆ 'ಇಂಡಿಯೊ ಥರ ಆಡಬೇಡ' ಅಂತಾರೆ. 1492ರಲ್ಲಿ ದಾರಿ ತಪ್ಪಿದ ಕೊಲಂಬಸ್ ಇಂಡಿಯಾಕ್ಕೇ ಬಂದೆ ಅಂದುಕೊಂಡು ಕರೆದ ಹೆಸರು ಅದು. ಐನೂರು ವರ್ಷವಾದರೂ ತಪ್ಪು ತಿದ್ದಲಿಲ್ಲ, ಬೈಗುಳ ಮಾಡಿಕೊಂಡರು. ಜಾತಿಯ ಹೆಸರನ್ನೇ ಬೈಗುಳ ಮಾಡಿದ ನಾಡಿನಿಂದ ಹೋದ ನಮಗೆ ಇದನ್ನ ಬಿಡಿಸಿ ಹೇಳಬೇಕೆ?

ಅತಿತ್ಲಾನ್ ಕೆರೆ ಚೆಂದ. ಇಲ್ಲ ಅನ್ನೋದಿಲ್ಲ. ಆದರೆ ಅದರ ಬಗ್ಗೆ ಬರೆಯುವವರನ್ನ ನೋಡಿ. ಮೊದಲು ಮೂರು ಜ್ವಾಲಾಮುಖಿ ಎಣಿಸ್ತಾರೆ. ಆಮೇಲೆ ನೀರಿನ ನೀಲಿ. ಆಮೇಲೆ ಹೆಂಗಸರು ನೇಯ್ದು ತೊಟ್ಟ ರವಿಕೆಯ ಬಣ್ಣ. ಕೊನೆಗೆ 'ಮುಗ್ಧ ಜನ' ಅಂತ ಒಂದು ಮುದ್ರೆ ಒತ್ತಿ ಏಳ್ತಾರೆ. ನಮ್ಮ ಕನ್ನಡದ ಎಷ್ಟೋ ಪ್ರವಾಸ ಕಥನಗಳೂ ಇದೇ ಜಾಡಿನವು. ಮುಗ್ಧ ಜನ ಅಂತೆ! ಕಿತ್ತುಕೊಂಡವನ ಹೆಸರು ಹೇಳೋಕೆ ಇಷ್ಟವಿಲ್ಲದವರು ಕಳಕೊಂಡವನಿಗೆ ಕೊಡುವ ಬಿರುದು ಅದು.

ನಾವೇನು ಸಾಚಾಗಳಲ್ಲ. ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸಿನ ಕಡೆಗೆ ನಾವೂ ಕ್ಯಾಮೆರಾ ಎತ್ತಿದೆವು. 'ಕೇಳಿದ್ರಾ?' ಅಂದ ಗೆಳೆಯ. ಕೇಳಿರಲಿಲ್ಲ. ನಮ್ಮ ಕೇರಿಗೆ ಬಂದು ಫೋಟೋ ಹೊಡಕೊಂಡು ಹೋದವರೂ ನಮ್ಮನ್ನ ಕೇಳಿರಲಿಲ್ಲ. ಕ್ಯಾಮೆರಾ ಚೀಲಕ್ಕೆ ಹಾಕಿದೆವು. ಆಮೇಲೆ ಅವರು ಹೇಳಿದ್ದನ್ನ ಕೇಳಿದೆವು, ಓದಿದ್ದರ ಜೊತೆ ತಾಳೆ ನೋಡಿದೆವು. ಆ ಲೆಕ್ಕ ಇಲ್ಲಿದೆ.

ಮೊದಲನೆಯದು ಮೀನಿನ ಲೆಕ್ಕ. 1958ರ ಸುಮಾರಿಗೆ ಪ್ರವಾಸಿಗಳು ಗಾಳ ಹಾಕಿ ಖುಷಿಪಡಲಿ ಅಂತ ಈ ಕೆರೆಗೆ ಹೊರಗಿನಿಂದ ಬಾಸ್ ಮೀನು ತಂದು ಬಿಟ್ಟರು. ಅದು ಬಡವರ ಹೊಟ್ಟೆಗೆ ಆಗುತ್ತಿದ್ದ ಸಣ್ಣ ಮೀನು, ಏಡಿ ಎಲ್ಲ ತಿಂದು ಹಾಕಿತು. ಆ ಕೆರೆ ಬಿಟ್ಟರೆ ಜಗತ್ತಿನಲ್ಲಿ ಎಲ್ಲೂ ಇಲ್ಲದ 'ಪೊಕ್' ಎಂಬ ನೀರುಹಕ್ಕಿಯ ಮರಿಗಳನ್ನೂ ತಿಂದಿತು. ಈಗ ಆ ಹಕ್ಕಿ ಇಲ್ಲ. ಸಾಹೇಬರ ಗಾಳಕ್ಕೆ ಮೀನು ಸಿಕ್ಕಿತು, ಬೆಸ್ತನ ಬುಟ್ಟಿ ಬರಿದಾಯಿತು.

ಎರಡನೆಯದು ಮಣ್ಣಿನ ಲೆಕ್ಕ. 1870ರ ದಶಕದಿಂದ ಕಾಫಿಗೋಸ್ಕರ ಮಾಯಾ ಊರುಗಳ ಸಾಮೂಹಿಕ ಜಮೀನು ಕಿತ್ತುಕೊಂಡರು. ಜಮೀನು ಹೋದವನು ತೋಟಕ್ಕೆ ಕೂಲಿಯಾಗಿ ಬರಲೇಬೇಕಲ್ಲ! ಅದೂ ಸಾಲದೆ 1934ರಲ್ಲಿ ಕಾಯಿದೆ ಮಾಡಿದರು. ಭೂಮಿ ಇಲ್ಲದವನು, ತುಂಡು ಭೂಮಿಯವನು ವರ್ಷಕ್ಕೆ ಕಡಿಮೆಯೆಂದರೂ 100 ದಿನ ದುಡಿದ ದಾಖಲೆ ಪುಸ್ತಕ ಜೇಬಿನಲ್ಲಿ ಇಟ್ಟುಕೊಳ್ಳಬೇಕು, ಇಲ್ಲದಿದ್ದರೆ ಅಲೆಮಾರಿ ಅಂತ ಹಿಡಿದು ಒಳಗೆ ಹಾಕೋದು. ಇದು ಜೀತವಲ್ಲದೆ ಮತ್ತೇನು? 1952ರಲ್ಲಿ ಹಾಕೊಬೊ ಆರ್ಬೆನ್ಸ್ ಸರ್ಕಾರ ದೊಡ್ಡ ಎಸ್ಟೇಟುಗಳ ಬೀಳು ಭೂಮಿಯನ್ನ ಹಂಚಲು ಹೊರಟಿತು. ಸುಮಾರು 1 ಲಕ್ಷ ಕುಟುಂಬಗಳಿಗೆ ಭೂಮಿ ಸಿಕ್ಕಿತು. ಅಮೆರಿಕದ ಯುನೈಟೆಡ್ ಫ್ರೂಟ್ ಕಂಪನಿಯ ಭೂಮಿಗೂ ಕೈ ಹಾಕಿತ್ತಲ್ಲ, 1954ರಲ್ಲಿ ಸಿ.ಐ.ಎ. ಆ ಸರ್ಕಾರವನ್ನೇ ಉರುಳಿಸಿತು. ಕೊಟ್ಟ ಭೂಮಿ ವಾಪಸು ಹೋಯಿತು.

ಮೂರನೆಯದು ನೆತ್ತರಿನ ಲೆಕ್ಕ. 1960ರಿಂದ 1996ರವರೆಗಿನ ಅಂತರ್ಯುದ್ಧದಲ್ಲಿ ಸತ್ತವರು, ಕಾಣೆಯಾದವರು 2 ಲಕ್ಷಕ್ಕೂ ಮೇಲೆ ಅಂತ ಸತ್ಯಶೋಧನಾ ಆಯೋಗ 1999ರಲ್ಲಿ ಹೇಳಿತು. ಗುರುತು ಸಿಕ್ಕವರಲ್ಲಿ ನೂರಕ್ಕೆ 83 ಮಂದಿ ಮಾಯಾಗಳು. 'ಮುಗ್ಧ ಜನ' ಅಂತ ಬರೆದವರೇ, ಈ 83 ನಿಮ್ಮ ಯಾವ ಪುಟದಲ್ಲಿದೆ?

ಇಷ್ಟೇ ಆಗಿದ್ದರೆ ಗೋಳಿನ ಕಥೆ ಆಗುತ್ತಿತ್ತು. ಗೋಳು ಮಾರೋದಕ್ಕೆ ನಾವು ಬರೀತಿಲ್ಲ. ದೋಣಿ ಸಾಂತಿಯಾಗೊ ಅತಿತ್ಲಾನ್ ಊರಿಗೆ ಮುಟ್ಟಿತು. ಇದು ತ್ಸುತುಹಿಲ್ ಮಾಯಾಗಳ ಊರು. 1990ರ ಡಿಸೆಂಬರ್ 1ರ ರಾತ್ರಿ ಕುಡಿದ ಸೈನಿಕರು ಊರವರ ಮೇಲೆ ಬಿದ್ದರು. ಚರ್ಚಿನ ಗಂಟೆ ಹೊಡೆಯಿತು. ಸಾವಿರಾರು ಜನ ಬರಿಗೈಯಲ್ಲಿ, ಬಿಳಿ ಬಾವುಟ ಹಿಡಿದು ಪಕ್ಕದ ಪನಬಾಹ್‌ನಲ್ಲಿದ್ದ ಸೇನಾ ಠಾಣೆಗೆ ನಡೆದರು. 2ನೇ ತಾರೀಖು ಬೆಳಗಾಗುವ ಮುಂಚೆ ಸೈನ್ಯ ಗುಂಡು ಹಾರಿಸಿತು. 13 ಜನ ಸತ್ತರು, ಮಕ್ಕಳೂ ಸೇರಿ. ಊರು ಬಾಗಿಲು ಹಾಕಿಕೊಂಡು ಅಳಲಿಲ್ಲ. 'ಸೈನ್ಯ ತೊಲಗಲಿ' ಅಂತ ಸಾವಿರಾರು ಸಹಿ, ಸಾವಿರಾರು ಹೆಬ್ಬೆಟ್ಟು ಬಿದ್ದವು. ಆ ತಿಂಗಳು ಮುಗಿಯುವ ಮುಂಚೆ ಸೈನ್ಯ ಠಾಣೆ ಕಿತ್ತಿತು. ಹೆಬ್ಬೆಟ್ಟು ಅಂದರೆ ನಮಗೆ ಗೊತ್ತಿದ್ದದ್ದು ಸಾಹುಕಾರನ ಸಾಲದ ಪತ್ರ, ಗೌಡನ ಮನೆಯ ಜೀತದ ಪತ್ರ. ಹೆಬ್ಬೆಟ್ಟಿಗೆ ಸೈನ್ಯವನ್ನ ಎಬ್ಬಿಸಿ ಕಳಿಸುವ ತಾಕತ್ತಿದೆ ಅಂತ ಆ ಊರು ತೋರಿಸಿತು.

ಅದೇ ಪನಬಾಹ್ 2005ರ ಅಕ್ಟೋಬರಿನಲ್ಲಿ ಸ್ಟಾನ್ ಚಂಡಮಾರುತದ ಮಳೆಗೆ ಕೆಸರಿನಡಿ ಹೂತುಹೋಯಿತು. ನೂರಾರು ಜನ ಮಣ್ಣಿನೊಳಗೆ. ಹೆಣ ತೆಗೆಯಲು ಸೈನ್ಯ ಬಂತು. ಊರವರು ಬೇಡ ಅಂದರು. ತಮ್ಮ ಗುದ್ದಲಿ, ತಮ್ಮ ಕೈಯಲ್ಲೇ ಅಗೆದರು. 'ಎಂಥ ಮೊಂಡು ಜನ' ಅಂತ ದೂರದವರು ಅಂದಿರಬಹುದು. ಗೆಳೆಯನೊಬ್ಬ ನಮಗೆ ಹೇಳಿದ್ದು ಇಷ್ಟು: 'ನಮ್ಮ ಮಕ್ಕಳಿಗೆ ಗುಂಡು ಹೊಡೆದ ಕೈ ನಮ್ಮ ಹೆಣ ಮುಟ್ಟೋದು ಬೇಡ.' ನಾವು ಮಾತಾಡಲಿಲ್ಲ. ಏನಂತ ಮಾತಾಡೋದು?

ಆ ಕೆರೆಯಿಂದ ಹೊರಗೆ ಹರಿಯುವ ಹೊಳೆ ಒಂದೂ ಇಲ್ಲ. ಊರುಗಳ ಕೊಳಚೆ, ಹೊಲಗಳ ಗೊಬ್ಬರ ಎಲ್ಲ ಸೇರಿ 2009ರಲ್ಲಿ ನೀರಿನ ಮೇಲೆ ದಟ್ಟ ಪಾಚಿ ಹಬ್ಬಿತು. ಆಗ ಪ್ರವಾಸೋದ್ಯಮದವರಿಗೆ ದಿಗಿಲಾಯಿತು, ಚೆಂದ ಕೆಟ್ಟಿತಲ್ಲ ಅಂತ! ದಂಡೆಯ ಜನಕ್ಕೆ ಅದು ಚೆಂದದ ಪ್ರಶ್ನೆ ಅಲ್ಲ. ಬಟ್ಟೆ ಒಗೆಯೋದು ಅದೇ ನೀರಿನಲ್ಲಿ, ಕುಡಿಯೋದೂ ಅದನ್ನೇ.

ಕನ್ನಡದಲ್ಲಿ ಪ್ರವಾಸ ಕಥನ ಬರೆಯುವ ಗೆಳೆಯರೇ, ಕೆರೆಯ ಚೆಂದ ಬರೆಯಬೇಡಿ ಅಂತ ನಾವು ಹೇಳೋದಿಲ್ಲ. ಆದರೆ ಚೆಂದ ಬರೆದು ಕೇರಿಯ ಲೆಕ್ಕ ಮುಚ್ಚಿಟ್ಟರೆ ನೀವು ದಂಡೆ ಕಿತ್ತುಕೊಂಡವನ ಪರ ಬರೆದ ಹಾಗೆ. ನಡುವೆ ನಿಂತೆ ಅನ್ನೋದೆಲ್ಲ ಸುಳ್ಳು. ಎಲ್ಲಿಗೇ ಹೋಗಿ, ಈ ನೀರು ಯಾರದು, ಇಲ್ಲಿಂದ ಯಾರನ್ನ ಎಬ್ಬಿಸಿದರು, ಎಬ್ಬಿಸಿದವನು ಯಾರು ಅಂತ ಕೇಳಿ. ಆ ಊರಿನ ಕೂಲಿಯವನ ಜೊತೆ ಕೂತು ಕೇಳಿ. ಕೇಳದೆ ಬರೆದದ್ದನ್ನ ನಮ್ಮ ಕೇರಿಗೆ ತರಬೇಡಿ. ನಾವು ಓದೋದಿಲ್ಲ.