ಎಂಜಿನ್ ತಣ್ಣಗಿರುವಾಗಲೇ ಗೇರ್‌ಬಾಕ್ಸ್ ನೋಡಿ

ನಾಲ್ಕು ಮೀಟರ್ ಉದ್ದದೊಳಗಿನ ಪುಟ್ಟ ಎಸ್‌ಯುವಿಗಳ ಒಂದು ದೊಡ್ಡ ಅಲೆ ಈಗ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಇಳಿಯುತ್ತಿದೆ. 2019ರಲ್ಲಿ ಹ್ಯುಂಡೈ ವೆನ್ಯೂ, 2020ರಲ್ಲಿ ಕಿಯಾ ಸೋನೆಟ್, ನಿಸಾನ್ ಮ್ಯಾಗ್ನೈಟ್ ಬಂದಾಗ ಕ್ಲಚ್ ತುಳಿಯದೆ ಕಾರು ಓಡಿಸುವ ಸುಖ ಮಧ್ಯಮ ವರ್ಗದ ಕೈಗೂ ಎಟುಕಿತ್ತು. ಆಗ ಕೊಂಡ ಕಾರುಗಳಲ್ಲಿ ಬಹಳಷ್ಟರ ವಾರಂಟಿ ಮುಗಿದಿದೆ. ಕೂಡಿಟ್ಟ ಹಣಕ್ಕೆ ಸಾಲ ಸೇರಿಸಿ ಅವನ್ನು ಕೊಳ್ಳುವವರು ಪೇಂಟ್ ನೋಡುತ್ತಾರೆ, ಟೈರ್ ನೋಡುತ್ತಾರೆ, ಮೀಟರ್ ನೋಡುತ್ತಾರೆ. ಗೇರ್‌ಬಾಕ್ಸನ್ನು ಮಾತ್ರ ಯಾರೂ ವಿಚಾರಿಸುವುದಿಲ್ಲ. ಅದು ಕೈಕೊಟ್ಟರೆ ಬರುವ ಬಿಲ್ಲು ಲಕ್ಷ ದಾಟಬಹುದು.

ಜಾಹೀರಾತಿನಲ್ಲಿ ಆಟೊಮ್ಯಾಟಿಕ್ ಎಂದಷ್ಟೇ ಇರುತ್ತದೆ. ಒಳಗಿನ ಯಂತ್ರ ಯಾವುದು ಎಂದು ಕೇಳಿ ತಿಳಿಯಬೇಕು. ನೆಕ್ಸಾನ್, ಎಕ್ಸ್‌ಯುವಿ300, ಡೀಸೆಲ್ ಬ್ರೆಝಾಗಳಲ್ಲಿ ಬಂದ ಎಎಂಟಿ ಮಾಮೂಲಿ ಗೇರ್‌ಬಾಕ್ಸೇ. ಕ್ಲಚ್ ಒತ್ತುವ ಕೆಲಸವನ್ನು ಕಾಲಿನ ಬದಲು ಆಕ್ಚುವೇಟರ್ ಮಾಡುತ್ತದೆ. ಕ್ಲಚ್ ಪ್ಲೇಟ್ ಸವೆಯುವುದು ಸಹಜ, ಆ ಖರ್ಚನ್ನು ಹೇಗೋ ಭರಿಸಬಹುದು. ಆಕ್ಚುವೇಟರ್ ಹೋದರೆ ಕಷ್ಟ. 2020ರ ಪೆಟ್ರೋಲ್ ಬ್ರೆಝಾದಲ್ಲಿದ್ದ ನಾಲ್ಕು ಗೇರಿನ ಟಾರ್ಕ್ ಕನ್ವರ್ಟರ್ ಹಳೆಯ ಕಾಲದ್ದು, ನಿಧಾನದ್ದು, ಆದರೆ ಗಟ್ಟಿ. ಹಳೆಯ ಕಾರು ಕೊಳ್ಳುವವರಿಗೆ ನಮ್ಮ ಮೊದಲ ಶಿಫಾರಸು ಅದೇ. ಮ್ಯಾಗ್ನೈಟ್, ಕೈಗರ್‌ಗಳ ಸಿವಿಟಿಯಲ್ಲಿ ಆಯಿಲ್‌ ಸ್ಥಿತಿಯೇ ಮುಖ್ಯ. ವೇಗ ಏರುವಾಗ ಕೀರಲು ಸದ್ದೋ ಸಣ್ಣ ನಡುಕವೋ ಬಂದರೆ ಆ ಕಾರಿನ ಆಸೆ ಬಿಡಿ.

ಹೆಚ್ಚು ಆತಂಕ ಇರುವುದು ಡ್ರೈ ಡ್ಯುಯಲ್ ಕ್ಲಚ್ ವಿಷಯದಲ್ಲಿ. ಎರಡು ಕ್ಲಚ್‌ಗಳು, ತಂಪಾಗಿಸಲು ಆಯಿಲ್ ಇಲ್ಲ, ಗಾಳಿಯೇ ಗತಿ. ಹೆದ್ದಾರಿಯಲ್ಲಿ ಇದರಷ್ಟು ಸೊಗಸಾದದ್ದು ಇನ್ನೊಂದಿಲ್ಲ. ಸಿಲ್ಕ್ ಬೋರ್ಡ್‌ನಲ್ಲೋ ಹೆಬ್ಬಾಳದಲ್ಲೋ ಇಂಚಿಂಚಾಗಿ ತೆವಳುವಾಗ ಮಾತ್ರ ಕ್ಲಚ್ ಅರೆಬರೆ ಹಿಡಿದುಕೊಂಡೇ ಜಾರುತ್ತಾ ಕಾಯುತ್ತದೆ. ಕ್ಲಚ್ ಪ್ಲೇಟಿನ ಫೇಸಿಂಗ್ ಸುಡುತ್ತದೆ, ಒಂದರಿಂದ ಎರಡನೇ ಗೇರಿಗೆ ಹೋಗುವಾಗ ಗಾಡಿ ನಡುಗುತ್ತದೆ. 2013ರ ಫೋರ್ಡ್ ಇಕೋಸ್ಪೋರ್ಟ್ ಪೆಟ್ರೋಲ್ ಆಟೊಮ್ಯಾಟಿಕ್‌ನಲ್ಲಿ ಇದ್ದದ್ದು ಇದೇ ಬಗೆಯ ಪವರ್‌ಶಿಫ್ಟ್. ಆಸ್ಟ್ರೇಲಿಯಾದಲ್ಲಿ ಪವರ್‌ಶಿಫ್ಟ್ ಕಾರುಗಳ ಗ್ರಾಹಕರ ದೂರುಗಳನ್ನು ನಡೆಸಿಕೊಂಡ ರೀತಿಗಾಗಿ 2018ರಲ್ಲಿ ಫೋರ್ಡ್‌ಗೆ ಒಂದು ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಬಿತ್ತು. ಭಾರತದಲ್ಲಿ 2017ರ ಇಕೋಸ್ಪೋರ್ಟ್‌ಗೇ ಟಾರ್ಕ್ ಕನ್ವರ್ಟರ್ ಬಂದಿತ್ತು. ವೆನ್ಯೂ, ಸೋನೆಟ್‌ಗಳ ಏಳು ಗೇರಿನ ಪೆಟ್ಟಿಗೆಯೂ ಡ್ರೈ ಡ್ಯುಯಲ್ ಕ್ಲಚ್ಚೇ, ಆದರೆ ಬೇರೆ ಕಂಪನಿಯದು, ಬೇರೆ ವಿನ್ಯಾಸದ್ದು. ಆ ದೋಷವೇ ಇಲ್ಲೂ ಇದೆ ಎಂದು ನಾವು ಹೇಳುತ್ತಿಲ್ಲ. ಆದರೆ ಡ್ರೈ ಕ್ಲಚ್‌ಗೆ ಬಿಸಿಯೇ ಶತ್ರು. ಐದು ವರ್ಷ ಬೆಂಗಳೂರಿನ ಜಾಮ್‌ನಲ್ಲೇ ಓಡಿದ ಗಾಡಿಯ ನಲವತ್ತು ಸಾವಿರ ಕಿಲೋಮೀಟರನ್ನು, ಹುಬ್ಬಳ್ಳಿ ರಸ್ತೆಯಲ್ಲಿ ಓಡಿದ ಗಾಡಿಯ ನಲವತ್ತು ಸಾವಿರಕ್ಕೆ ಸಮ ಎಂದು ಲೆಕ್ಕ ಹಾಕಬಾರದು.

ಗಾಡಿ ನೋಡಲು ಹೋಗುವ ಮುನ್ನ ಮಾರುವವರಿಗೆ ಫೋನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡಬೇಡಿ ಎಂದು ಹೇಳಿ. ಹೋದ ತಕ್ಷಣ ಬಾನೆಟ್ ಮೇಲೆ ಕೈಯಿಡಿ. ಬೆಚ್ಚಗಿದ್ದರೆ ಯಾಕೆ ಎಂದು ಕೇಳಿ. ತಣ್ಣಗಿರುವಾಗ ಡಿ ಹಾಕಿ ಬ್ರೇಕ್ ಬಿಟ್ಟರೆ ಗಾಡಿ ಮೆಲ್ಲಗೆ ಮುಂದೆ ಹರಿಯುತ್ತದೆಯೋ, ತಡವರಿಸುತ್ತದೆಯೋ ನೋಡಿ. ರಿವರ್ಸ್ ಬೀಳಲು ತಡವಾದರೆ ಗಮನಿಸಿ. ಆಮೇಲೆ ಅರ್ಧ ಗಂಟೆ ದಟ್ಟಣೆಯಲ್ಲಿ ಓಡಿಸಿ, ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ರ‍್ಯಾಂಪ್ ಹತ್ತಿಸಿ. ನಡುಕ ಹೊರಬರುವುದು ಅಲ್ಲೇ. ಕೊನೆಗೆ ಸ್ಕ್ಯಾನರ್ ಹಾಕಿಸಿ. ತಪ್ಪಿನ ಕೋಡ್‌ಗಳನ್ನು ಮುಂಜಾನೆಯೇ ಅಳಿಸಿಟ್ಟಿರಬಹುದು, ಆದ್ದರಿಂದ ಓಡಿಸಿದ ಮೇಲೆಯೇ ಹಾಕಿಸಬೇಕು. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಪೂರ್ವ ಭಾಗ ಮುಳುಗಿದಾಗ ಬೇಸ್‌ಮೆಂಟ್‌ಗಳಲ್ಲಿ ನಿಂತಿದ್ದ ಕಾರುಗಳನ್ನೂ ಮರೆಯಬೇಡಿ. ಗೇರ್‌ಬಾಕ್ಸಿನ ಎಲೆಕ್ಟ್ರಾನಿಕ್ಸ್‌ಗೆ ನೀರು ಹೊಕ್ಕಿದ್ದರೆ ವರ್ಷಗಳ ನಂತರವೂ ತೊಂದರೆ ಕಾಣಿಸಿಕೊಳ್ಳುತ್ತದೆ. ವಿಮೆಯ ಕ್ಲೇಮ್ ಚರಿತ್ರೆ ಕೇಳಿ ಪಡೆಯಿರಿ.

ಇಷ್ಟೆಲ್ಲ ಹೊರೆಯನ್ನು ಕೊಳ್ಳುವವರ ಮೇಲೆಯೇ ಹೊರಿಸುವುದು ನ್ಯಾಯವಲ್ಲ. 2023ರ ಏಪ್ರಿಲ್ 1ರಿಂದ ಹಳೆಯ ವಾಹನಗಳ ಡೀಲರ್‌ಗಳಿಗೆ ಅಧಿಕಾರಪತ್ರ ಕಡ್ಡಾಯ ಮಾಡುವ ಕೇಂದ್ರದ ನಿಯಮ ಜಾರಿಯಲ್ಲಿದೆ. ಅದು ಮುಖ್ಯವಾಗಿ ಮಾಲೀಕತ್ವದ, ಕಾಗದಪತ್ರದ ಹೊಣೆಯನ್ನು ಗಟ್ಟಿ ಮಾಡಿತು. ಆಟೊಮ್ಯಾಟಿಕ್ ಗಾಡಿ ಮಾರುವ ಡೀಲರ್, ಗೇರ್‌ಬಾಕ್ಸ್ ಯಾವ ಬಗೆಯದು, ಕ್ಲಚ್ ಯಾವಾಗ ಬದಲಾಯಿತು, ಆಯಿಲ್ ಯಾವಾಗ ಹಾಕಿಸಿದ್ದು ಎಂಬುದನ್ನು ಸ್ಕ್ಯಾನ್ ವರದಿಯೊಂದಿಗೆ ಬರೆದು ಸಹಿ ಹಾಕಿ ಕೊಡಬೇಕೆಂಬ ಒಂದು ಕಲಮನ್ನು ಕೇಂದ್ರ ಸಾರಿಗೆ ಸಚಿವಾಲಯ ಅದಕ್ಕೆ ಸೇರಿಸಲಿ. ಅಲ್ಲಿಯವರೆಗೆ, ಬರೆದು ಕೊಡಲು ಒಪ್ಪದ ಡೀಲರ್‌ಗೆ ಅಡ್ವಾನ್ಸ್ ಕೊಡಬೇಡಿ.